ನಲ್ಲಿ, ಪೈಪು, ಗೀಸರ್: ಮನೆಯಲ್ಲಿ ನೀವೇ ರಿಪೇರಿ ಮಾಡುವವರಿಗೆ ಪ್ಲಂಬರ್ ಉತ್ತರ

ಅಡ್ಮಿನ್: ಈ ಭಾನುವಾರದ ಪ್ರಶ್ನೋತ್ತರ ಪ್ಲಂಬಿಂಗ್ ಬಗ್ಗೆ. ಮೈಸೂರಿನಲ್ಲಿ ಬಹಳ ವರ್ಷಗಳಿಂದ ಈ ಕೆಲಸ ಮಾಡುತ್ತಿರುವ, ನಮ್ಮ ಗುಂಪಿನವರೇ ಆದ ಅಣ್ಣ ಉತ್ತರ ಕೊಡುತ್ತಾರೆ. ಹೆಸರು ಬೇಡ, ನಿಮ್ಮ ಬಡಾವಣೆ ಹಾಕಿ ಕೇಳಿ. ದಯವಿಟ್ಟು ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ಪ್ಲಂಬರ್: ಎಲ್ಲರಿಗೂ ನಮಸ್ಕಾರ. ನಲ್ಲಿಯ ವಾಷರ್, ಕನೆಕ್ಷನ್ ಪೈಪು, ಫ್ಲಶ್ ಟ್ಯಾಂಕಿನ ಫ್ಲೋಟ್, ಇವನ್ನೆಲ್ಲ ನೀವೇ ಬದಲಾಯಿಸಬಹುದು. ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಮೇಲಿನ ಟ್ಯಾಂಕಿನ ಗೇಟ್ ವಾಲ್ವ್ ಎಲ್ಲಿದೆ, ಅದು ಪೂರ್ತಿ ಮುಚ್ಚುತ್ತದಾ ಅಂತ ನೋಡಿ. ಅರ್ಧಕ್ಕರ್ಧ ಅನಾಹುತ ಇಲ್ಲೇ ಆಗುವುದು. ನಲ್ಲಿ ಬಿಚ್ಚಿದ ಮೇಲೆ ವಾಲ್ವ್ ಹುಡುಕಲು ಮಹಡಿಗೆ ಓಡುತ್ತಾರೆ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಹಿಡಿದುಕೊಂಡಿರುತ್ತದೆ, ಬಲವಾಗಿ ತಿರುಗಿಸಿದರೆ ಸ್ಪಿಂಡಲ್ ಮುರಿಯುತ್ತದೆ. ಹಾಗಾದರೆ ಟ್ಯಾಂಕ್ ಖಾಲಿಯಾಗುವವರೆಗೂ ನೀರು ನಿಲ್ಲುವುದಿಲ್ಲ. ಸರಿ, ಕೇಳಿ.

ಕುವೆಂಪುನಗರ: ಅಣ್ಣ, ಸಿಂಕಿನ ನಲ್ಲಿ ಹೊಸದು ಹಾಕಿದೆ. ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದ್ದೆ. ಆದರೂ ಬುಡದಲ್ಲಿ ಜಿನುಗುತ್ತಿತ್ತು. ಪೈಪ್ ರೆಂಚ್ ಹಾಕಿ ಇನ್ನೊಂದು ಸುತ್ತು ಬಿಗಿ ಮಾಡಿದೆ. ಈಗ ಜಾಸ್ತಿ ಸೋರುತ್ತಿದೆ.

ಪ್ಲಂಬರ್: ಗೋಡೆಯೊಳಗಿನ ಎಲ್ಬೋ, ಅಂದರೆ ಪೈಪ್ ತಿರುಗುವ ಜಾಗದ ಜಾಯಿಂಟ್, ಸೀಳಿರಬೇಕು ಸರ್. ಟೇಪ್ ಜಾಸ್ತಿ ಸುತ್ತಿ ರೆಂಚಿನಲ್ಲಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ ಹಿಗ್ಗಿ ಸೀಳು ಬಿಡುತ್ತದೆ. ನಲ್ಲಿಯ ಮರೆ, ಅಂದರೆ ತಿರುಪಿನ ಗೆರೆ ಇರುವ ತುದಿ, ನಿಮ್ಮ ಕಡೆ ಮುಖ ಮಾಡಿರಲಿ, ಟೇಪನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೆ ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ತಿರುಗಿಸುವಾಗಲೇ ಟೇಪ್ ಬಿಚ್ಚಿ ಮುದ್ದೆಯಾಗುತ್ತದೆ. ಕೈಯಲ್ಲಿ ಬಿಗಿಯಾಗುವಷ್ಟು ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಒಂದು ಸುತ್ತಿನೊಳಗೆ ನಿಲ್ಲಿಸಿ. ಈಗ ನೀವು ಮಾಡುವಂಥದ್ದು ಏನೂ ಇಲ್ಲ. ಟೈಲ್ಸ್ ಒಡೆದು ಎಲ್ಬೋ ಬದಲಾಯಿಸಲೇಬೇಕು. ಹೊರಗಿನಿಂದ ಎಂ-ಸೀಲ್ ಮೆತ್ತಬೇಡಿ. ನೀರು ಗೋಡೆಯೊಳಗೇ ಇಳಿದು ಪಕ್ಕದ ರೂಮಿನ ಬಣ್ಣ ಎದ್ದು ಬರುತ್ತದೆ.

ವಿಜಯನಗರ: ಸರ್, ಅಡುಗೆಮನೆ ಸಿಂಕ್ ಕಟ್ಟಿದೆ. ಅಡುಗೆ ಸೋಡಾ, ವಿನೆಗರ್ ಹಾಕಿದೆ. ನೊರೆ ಬಂತು, ನೀರು ಹೋಗಲಿಲ್ಲ. ಅಂಗಡಿಯ ಡ್ರೈನ್ ಪುಡಿನೂ ಹಾಕಿದೆ. ಈಗ ಆಸಿಡ್ ಸುರಿಯಿರಿ ಅಂತ ನಾದಿನಿ ಫಾರ್ವರ್ಡ್ ಕಳಿಸಿದ್ದಾರೆ. ಹಾಕಲಾ?

ಪ್ಲಂಬರ್: ಹಾಕಬೇಡಿ ಮೇಡಂ. ಆ ಪುಡಿಯಲ್ಲಿರುವುದು ಕಾಸ್ಟಿಕ್ ಸೋಡಾ. ಅದು ಪೈಪಿನಲ್ಲಿ ಇನ್ನೂ ನಿಂತಿದೆ. ಮೇಲೆ ಆಸಿಡ್ ಬಿದ್ದರೆ ಕುದಿದು ಮುಖಕ್ಕೇ ಹಾರುತ್ತದೆ. ಕಣ್ಣು ಹೋಗುತ್ತದೆ. ಸೋಡಾ, ವಿನೆಗರ್ ಸೇರಿದರೆ ಬರುವುದು ಬರೀ ಗ್ಯಾಸ್. ಎಣ್ಣೆ ಜಿಡ್ಡು ಅದರಿಂದ ಕರಗುವುದಿಲ್ಲ. ಈಗ ಹೀಗೆ ಮಾಡಿ. ನಿಂತ ನೀರನ್ನು ಹಳೇ ಪ್ಲಾಸ್ಟಿಕ್ ಮಗ್ಗಿನಲ್ಲಿ ಎತ್ತಿ ಬಕೆಟ್ಟಿಗೆ ಹಾಕಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಸಿಂಕ್ ಕೆಳಗೆ ಬಾಟಲಿಯ ಹಾಗಿರುವ ಬಾಟಲ್ ಟ್ರ್ಯಾಪಿನ ಅಡಿಗೆ ಬಕೆಟ್ ಇಟ್ಟು ತಿರುಗಿಸಿ ಬಿಚ್ಚಿ. ಅನ್ನದ ಅಗುಳು, ಕರಿಬೇವಿನ ಕಡ್ಡಿ, ಜಿಡ್ಡು ಎಲ್ಲ ಅಲ್ಲೇ ಕೂತಿರುತ್ತದೆ. ತೊಳೆದು ವಾಷರ್ ಸರಿಯಾಗಿ ಕೂರಿಸಿ ಮತ್ತೆ ಹಾಕಿ. ಆಮೇಲೂ ಹೋಗದಿದ್ದರೆ ಹೊರಗಿನ ಚೇಂಬರ್ ನೋಡಬೇಕು.

ಬೋಗಾದಿ: ನಮಸ್ತೆ ಅಣ್ಣ. ನಮ್ಮ ಗೀಸರ್ 25 ಲೀಟರಿನದು. ಕೆಳಗೆ ನೀಲಿ ಬಣ್ಣದ ಗುರುತಿನ ಕಡೆ ಒಂದು ಪುಟ್ಟ ಪಿತ್ತಾಳೆ ವಾಲ್ವ್ ಇದೆ. ಅದರ ಬಾಯಿಂದ ಯಾವಾಗಲೂ ತೊಟ್ಟಿಕ್ಕುತ್ತಿತ್ತು. ನಮ್ಮ ಭಾವ ಹೋದ ತಿಂಗಳು ಬಂದಾಗ ಅಲ್ಲಿಗೆ ಎಂ-ಸೀಲ್ ತುಂಬಿ ಮುಚ್ಚಿದರು. ಸೋರುವುದು ನಿಂತಿದೆ. ಆದರೆ ಈ ವಾರದಿಂದ ಗೀಸರಿನ ಕೆಂಪು ಲೈಟ್ ಆರುವುದೇ ಇಲ್ಲ. ಒಳಗೆ ಗೊರಗೊರ ಸದ್ದು. ಬಿಸಿ ನಲ್ಲಿ ತಿರುಗಿಸಿದರೆ ಮೊದಲು ಬುಸ್ ಅಂತ ಆವಿ ಬಂದು ಆಮೇಲೆ ನೀರು. ವಾಷರ್ ಹೋಗಿದೆಯಾ?

ಪ್ಲಂಬರ್: ಅಮ್ಮ, ಇದನ್ನು ಓದಿದ ಕೂಡಲೇ ಗೀಸರಿನ ಎಂಸಿಬಿ ಕೆಳಗೆ ಮಾಡಿ. ಬಚ್ಚಲ ಸ್ವಿಚ್ ಅಲ್ಲ, ಮನೆಗೆಲ್ಲ ಕರೆಂಟ್ ಹಂಚುವ ಡಿಬಿ ಬಾಕ್ಸಿನಲ್ಲಿರುವ ಗೀಸರಿನ ಬ್ರೇಕರ್ ಸ್ವಿಚ್, ಅದೇ ಎಂಸಿಬಿ. ಬಚ್ಚಲಿಗೆ ಯಾರೂ ಹೋಗಬೇಡಿ, ಬಾಗಿಲು ಹಾಕಿ. ಬಿಸಿ ನಲ್ಲಿ ತಿರುಗಿಸಬೇಡಿ. ಎಂ-ಸೀಲ್ ಕೀಳಲು ಈಗ ಹೋಗಬೇಡಿ. ನಾಳೆ ಬೆಳಗ್ಗೆವರೆಗೆ ತಾನಾಗಿ ಆರಲಿ. ಆಫ್ ಮಾಡಿದೆ ಅಂತ ಇಲ್ಲಿ ಬರೆಯಿರಿ, ಆಮೇಲೆ ಮುಂದಿನದು.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಭಾವ ಮುಚ್ಚಿದ್ದು ಸೋರಿಕೆಯನ್ನಲ್ಲ. ಅದು ಸೇಫ್ಟಿ ವಾಲ್ವ್. ನೀರು ಬಿಸಿಯಾದರೆ ಹಿಗ್ಗುತ್ತದೆ. 25 ಲೀಟರ್ ತಣ್ಣೀರು 70 ಡಿಗ್ರಿಗೆ ಏರುವಾಗ ಸುಮಾರು ಅರ್ಧ ಲೀಟರಿನಷ್ಟು ಜಾಸ್ತಿಯಾಗುತ್ತದೆ. ಆ ವಾಲ್ವಿನೊಳಗೇ ನೀರು ಹಿಂದಕ್ಕೆ ಹೋಗದ ಹಾಗೆ ತಡೆಯುವ ಬಿಲ್ಲೆ ಇರುತ್ತದೆ. ಹಾಗಾಗಿ ಹಿಗ್ಗಿದ ನೀರು ಮೇಲಿನ ಟ್ಯಾಂಕಿಗೆ ವಾಪಸ್ ಹೋಗುವುದಿಲ್ಲ. ಒತ್ತಡ ಮಿತಿ ಮೀರಿದರೆ ಹೊರಗೆ ಬರಲು ಇರುವ ದಾರಿ ಆ ಪುಟ್ಟ ಬಾಯಿ ಒಂದೇ. ಕುಕ್ಕರಿನ ವೆಯ್ಟನ್ನೂ ಸೇಫ್ಟಿ ವಾಲ್ವನ್ನೂ ಮುಚ್ಚಿ ಒಲೆ ಹೊತ್ತಿಸಿದ ಹಾಗಿದೆ ಈಗಿನ ಸ್ಥಿತಿ.

ಇನ್ನೂ ಗಾಬರಿಯ ವಿಷಯ ನೀವು ಹೇಳಿದ ಕೆಂಪು ಲೈಟ್. ಅದು ಆರುತ್ತಿಲ್ಲ, ಆವಿ ಬರುತ್ತಿದೆ ಅಂದರೆ ಥರ್ಮೋಸ್ಟಾಟ್ ಕರೆಂಟ್ ಕಡಿಯುತ್ತಿಲ್ಲ. ಅದು ಕೆಟ್ಟರೆ ಕಾಪಾಡಲು ಇರುವ ಕಟ್-ಔಟ್ ಕೂಡ ಕೆಲಸ ಮಾಡುತ್ತಿಲ್ಲ. ಮೂರನೇ ಕಾವಲು ಈ ವಾಲ್ವ್, ಅದನ್ನು ನೀವೇ ಮುಚ್ಚಿದ್ದೀರಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಒಳಗೇ ಇರುತ್ತದೆ. ಟ್ಯಾಂಕ್ ಎಲ್ಲಾದರೂ ಬಾಯಿ ಬಿಟ್ಟರೆ ಆ ಕ್ಷಣಕ್ಕೆ ಆವಿಯಾಗುತ್ತದೆ. ನೀರು ಆವಿಯಾದರೆ 1600 ಪಟ್ಟಿಗಿಂತ ಜಾಸ್ತಿ ಜಾಗ ಬೇಕು. ಗೋಡೆ ಕಿತ್ತುಹೋಗುತ್ತದೆ. ದಯವಿಟ್ಟು ಆಫ್ ಮಾಡಿ.

ಜೆ.ಪಿ. ನಗರ: ಅಣ್ಣ ಸಿಂಕ್ ಬ್ಲಾಕ್ ಆಗಿದೆ ಏನು ಮಾಡಬೇಕು

ಪ್ಲಂಬರ್: ಮೇಲೆ ಬರೆದಿದ್ದೇನೆ. ಬೋಗಾದಿ ಅಮ್ಮ, ಆಫ್ ಮಾಡಿದಿರಾ?

ಸಿದ್ಧಾರ್ಥನಗರ: ನಮ್ಮದು ವಿಚಿತ್ರ ಸಮಸ್ಯೆ ಸರ್. ಮೇಲೆ ಸೋಲಾರ್ ಇದೆ. ಹದಿನೈದು ದಿನದಿಂದ ಕಮೋಡಿನ ಫ್ಲಶ್ ಟ್ಯಾಂಕಿಗೆ ಬಿಸಿ ನೀರು ಬರುತ್ತಿದೆ. ಸೋಲಾರ್ ನೀರು ಬೇಗ ಖಾಲಿ. ಪ್ಲಂಬಿಂಗ್ ಯಾರೂ ಮುಟ್ಟಿಲ್ಲ. ನಾನು ಒಂದು ಹ್ಯಾಂಡ್ ಶವರ್ ಮಾತ್ರ ಹಾಕಿದೆ.

ಪ್ಲಂಬರ್: ಆ ಹ್ಯಾಂಡ್ ಶವರಿನ ಹಿಡಿಯಲ್ಲೇ ಆನ್ ಆಫ್ ಬಟನ್ ಇದೆಯಾ? ಸ್ನಾನ ಆದ ಮೇಲೆ ಬಟನ್ ಮಾತ್ರ ಮುಚ್ಚಿ, ಗೋಡೆಯ ಮಿಕ್ಸರಿನ ಎರಡು ನಾಬ್ ತೆರೆದೇ ಬಿಡುತ್ತೀರಾ?

ಸಿದ್ಧಾರ್ಥನಗರ: ಹೌದು ಸರ್! ಹದ ಕೂರಿಸಿದ್ದು ತಪ್ಪದಿರಲಿ ಅಂತ ಹಾಗೇ ಬಿಡುತ್ತೇವೆ. ಹೇಗೆ ಗೊತ್ತಾಯಿತು?

ಪ್ಲಂಬರ್: ಅದೇ ಕಾರಣ. ಮಿಕ್ಸರಿನ ಒಳಗೆ ಬಿಸಿ ಮತ್ತು ತಣ್ಣೀರು ಒಂದೇ ಕೋಣೆಯಲ್ಲಿ ಸೇರುತ್ತವೆ. ಹೊರದಾರಿ ಮುಚ್ಚಿ ಎರಡು ಬಾಗಿಲೂ ತೆರೆದಿಟ್ಟರೆ ಎರಡು ಲೈನ್ ಒಂದಕ್ಕೊಂದು ಜೋಡಿದಂತೆ. ಫ್ಲಶ್ ಟ್ಯಾಂಕ್ ತುಂಬುವಾಗ ತಣ್ಣೀರ ಲೈನಿನಲ್ಲಿ ಒತ್ತಡ ಇಳಿಯುತ್ತದೆ. ಆಗ ಸೋಲಾರ್ ನೀರು ಮಿಕ್ಸರ್ ದಾಟಿ ಅಲ್ಲಿಗೆ ನುಗ್ಗುತ್ತದೆ. ಅಡುಗೆಮನೆಯಲ್ಲಿ ಬಿಸಿ ನಲ್ಲಿ ತಿರುಗಿಸಿದಾಗ ಇದೇ ಉಲ್ಟಾ ಆಗಿ ಉಗುರು ಬೆಚ್ಚಗಿನ ನೀರು ಬರುತ್ತಿರಬೇಕು, ನೋಡಿ. ಸೋಲಾರ್ ಕಂಪನಿಯವರನ್ನು ಕರೆಸಿ ದುಡ್ಡು ಕೊಡಬೇಡಿ, ಅದರಲ್ಲಿ ದೋಷವಿಲ್ಲ. ಸ್ನಾನ ಆದ ಮೇಲೆ ನಾಬ್ ಎರಡೂ ಮುಚ್ಚಿ. ಮಕ್ಕಳು ಮರೆಯುತ್ತಾರೆ ಅಂದರೆ ಮಿಕ್ಸರಿಗೆ ಬರುವ ಎರಡೂ ಲೈನಿಗೆ ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಹೋಗದ ಹಾಗೆ ತಡೆಯುವ ವಾಲ್ವ್, ಹಾಕಿಸಿ. ಹಾಗೆಯೇ ಒಂದು ನೋಡಿಕೊಳ್ಳಿ, ಫ್ಲಶ್ ಟ್ಯಾಂಕಿನ ಲೈನ್ ಬಿಳಿ ಯುಪಿವಿಸಿ ಪ್ಲಾಸ್ಟಿಕ್ ಪೈಪ್ ಆಗಿದ್ದರೆ ಇಷ್ಟು ದಿನ ಬಿಸಿ ನೀರು ಹರಿದು ಜಾಯಿಂಟ್ ಸಡಿಲ ಆಗಿರಬಹುದು. ಯುಪಿವಿಸಿ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಬಿಸಿ ನೀರಿಗೆ ಹಳದಿ ಮಿಶ್ರಿತ ಬಿಳುಪಿನ ಸಿಪಿವಿಸಿ ಪೈಪೇ ಬೇಕು.

ಅಗ್ರಹಾರ: ಸಿಪಿವಿಸಿ ಪೈಪಿಗೆ ಮನೆಯಲ್ಲಿದ್ದ ಪಿವಿಸಿ ಗಮ್ ಹಚ್ಚಿದರೆ ನಡೆಯುತ್ತದಾ?

ಪ್ಲಂಬರ್: ಇಲ್ಲ. ಸಿಪಿವಿಸಿ ಸಾಲ್ವೆಂಟ್ ಗಮ್ಮೇ ತನ್ನಿ. ಒಣಗಲು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕೊಡಿ.

ಮಂಡ್ಯ: ನಮ್ಮ ಬೋರ್ ನೀರಿನಿಂದ ನಲ್ಲಿ, ಶವರ್ ಎಲ್ಲ ಬಿಳಿ ಕಟ್ಟುತ್ತದೆ. ಯಾವ ಕಂಪನಿಯ ಸಾಫ್ಟನರ್ ಒಳ್ಳೆಯದು?

ಹೆಬ್ಬಾಳ: ಅಣ್ಣ, ಕಾರ್ಪೊರೇಷನ್ ನೀರು ಸಂಪಿಗೆ ಸಣ್ಣಗೆ ಬರುತ್ತದೆ. ಅರ್ಧ ಎಚ್‌ಪಿ ಮೋಟರನ್ನು ನೇರ ಲೈನಿಗೇ ನಾನೇ ಕೂರಿಸೋಣ ಅಂತಿದ್ದೇನೆ. ಯಾವ ಸೈಜ್ ನಿಪ್ಪಲ್ ಬೇಕು?

ಪ್ಲಂಬರ್: ಕೂರಿಸಬೇಡಿ. ಅದು ಕಾನೂನಿಗೂ ವಿರುದ್ಧ.

ಹೆಬ್ಬಾಳ: ನಮ್ಮ ರಸ್ತೆಯಲ್ಲಿ ಅರ್ಧ ಮನೆಯವರು ಹಾಕಿಕೊಂಡಿದ್ದಾರೆ. ನಾವೊಬ್ಬರೇ ಸುಮ್ನೆ ಕೂರಬೇಕಾ?

ಶ್ರೀರಾಂಪುರ: ನಿಮ್ಮಂಥವರು ಎಳೆಯುವುದರಿಂದಲೇ ಕೊನೆಯ ಮನೆಗೆ ನೀರು ಬರಲ್ಲ. ನಮ್ಮ ತಾಯಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಿಂದಿಗೆ ಇಡುತ್ತಾರೆ.

ಹೆಬ್ಬಾಳ: ನಿಮ್ಮ ಏರಿಯಾದ ನೀರಿಗೂ ನನ್ನ ಮೋಟರಿಗೂ ಏನು ಸಂಬಂಧ? ತೆರಿಗೆ ನಾನೂ ಕಟ್ಟುತ್ತೇನೆ.

ಶ್ರೀರಾಂಪುರ: ಸಂಬಂಧ ನಿಮ್ಮ ರಸ್ತೆಯ ಕೊನೆಯ ಮನೆಯವರನ್ನು ಕೇಳಿ, ಹೇಳುತ್ತಾರೆ.

ಪ್ಲಂಬರ್: ಇಬ್ಬರೂ ಒಂದು ವಿಷಯ ತಿಳಿದುಕೊಳ್ಳಿ. ಹೊಂಗಳ್ಳಿಯಿಂದಲೋ ಬೆಳಗೊಳದಿಂದಲೋ ಶುದ್ಧ ಮಾಡಿ ಕಳಿಸಿದ ನೀರೇ ಬರುತ್ತದೆ. ಅದು ನಿಮ್ಮ ಮನೆವರೆಗೆ ಶುದ್ಧವಾಗಿ ಉಳಿಯಲು ಪೈಪಿನೊಳಗೆ ಒತ್ತಡ ಇರಬೇಕು. ಒತ್ತಡ ಇದ್ದರೆ ಸೀಳಿನಿಂದ ನೀರು ಹೊರಗೆ ಹೋಗುತ್ತದೆ. ಮೋಟರ್ ಎಳೆದರೆ ಉಲ್ಟಾ, ಹೊರಗಿನದು ಒಳಗೆ ಬರುತ್ತದೆ. ಆ ಪೈಪಿನ ಪಕ್ಕದಲ್ಲೇ ಯುಜಿಡಿ, ಅಂದರೆ ಒಳಚರಂಡಿ, ಲೈನ್ ಹೋಗಿರುತ್ತದೆ. ಕೊಳಚೆ ಎಳೆದು ನಿಮ್ಮ ಸಂಪಿಗೇ ತುಂಬಿಕೊಳ್ಳುತ್ತೀರಿ. ಮಕ್ಕಳಿಗೆ ವಾಂತಿ ಭೇದಿ ಬಂದ ಮೇಲೆ ಯಾವ ನಿಪ್ಪಲ್ಲೂ ಸಹಾಯ ಮಾಡುವುದಿಲ್ಲ. ನೀರು ಸಣ್ಣಗೆ ಬಂದರೆ ಮೀಟರ್ ಹತ್ತಿರದ ವಾಲ್ವ್ ಪೂರ್ತಿ ತೆರೆದಿದೆಯಾ ನೋಡಿ, ಆಮೇಲೆ ದೂರು ಕೊಡಿ.

ಸರಸ್ವತಿಪುರಂ: ಎಲ್ಲದಕ್ಕೂ ಪ್ಲಂಬರ್ ಕರೆಯಿರಿ ಅಂತೀರಿ. ಕರೆದರೆ ಬರುತ್ತಾರಾ? ನಾಳೆ ಬರುತ್ತೇನೆ ಅಂತ ಹೇಳಿ ವಾರ ಕಾಯಿಸುತ್ತಾರೆ. ಬಂದರೆ ಹತ್ತು ನಿಮಿಷದ ಕೆಲಸಕ್ಕೆ 500 ರೂಪಾಯಿ. ಅದಕ್ಕೇ ಜನ ತಾವೇ ಮಾಡಿಕೊಳ್ಳುವುದು.

ಗೋಕುಲಂ: ನಮ್ಮ ತಮ್ಮನೂ ಇದೇ ಕೆಲಸ ಮಾಡುವುದು. ಹತ್ತು ನಿಮಿಷದ ಕೆಲಸಕ್ಕೆ ಹತ್ತು ಕಿಲೋಮೀಟರ್ ಬಂದಿರುತ್ತಾನೆ. ಎರಡು ಸಲ ಅಂಗಡಿಗೆ ಹೋಗಿ ವಾಷರ್ ತಂದಿರುತ್ತಾನೆ. ಅದರ ಲೆಕ್ಕ ಯಾರೂ ಹಾಕಲ್ಲ.

ಸರಸ್ವತಿಪುರಂ: ಕೊಡಬಾರದು ಅಂತ ನಾನು ಹೇಳಲಿಲ್ಲ. ಹೇಳಿದ ದಿನ ಬರಲಿ.

ಪ್ಲಂಬರ್: ಹೇಳಿದ ದಿನ ಬರದಿದ್ದರೆ ತಪ್ಪು ನಮ್ಮವರದೇ, ಅದನ್ನು ಒಪ್ಪುತ್ತೇನೆ. ಆದರೆ ಎಲ್ಲದಕ್ಕೂ ಕರೆಯಿರಿ ಅಂತ ನಾನು ಹೇಳಿಲ್ಲ, ಮೊದಲ ಸಾಲು ಓದಿ. ಬೋಗಾದಿ ಅಮ್ಮ ಇನ್ನೂ ಉತ್ತರ ಕೊಟ್ಟಿಲ್ಲ. ಅಡ್ಮಿನ್, ಅವರಿಗೆ ಫೋನ್ ಮಾಡುತ್ತೀರಾ?

ಅಡ್ಮಿನ್: ಮಾಡುತ್ತಿದ್ದೇನೆ.

ಜೆ.ಪಿ. ನಗರ: ಸಿಂಕ್ ಮತ್ತು ಬಚ್ಚಲು ಬ್ಲಾಕ್ ಆದರೆ ಇದನ್ನು ಮಾಡಿ, ನೂರಕ್ಕೆ ನೂರು ಫಲಿತಾಂಶ: ಎರಡು ಚಮಚ ಬ್ಲೀಚಿಂಗ್ ಪುಡಿ ಹಾಕಿ, ಅದರ ಮೇಲೆ ಟಾಯ್ಲೆಟ್ ಆಸಿಡ್ ಸುರಿದು ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಡಿ. ಎಲ್ಲರಿಗೂ ಹಂಚಿ.

ಪ್ಲಂಬರ್: ಇದನ್ನು ಈಗಲೇ ಡಿಲೀಟ್ ಮಾಡಿ. ಬ್ಲೀಚಿಂಗ್ ಪುಡಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಗಾಳಿಯಾಡದ ಬಚ್ಚಲಿನಲ್ಲಿ ಅದನ್ನು ಉಸಿರಾಡಿದರೆ ಶ್ವಾಸಕೋಶ ಸುಡುತ್ತದೆ, ಜೀವವೂ ಹೋಗಬಹುದು. ಯಾರು ಬರೆದರೋ ಗೊತ್ತಿಲ್ಲ, ಯಾರು ಪ್ರಯತ್ನಿಸಿದರೋ ಗೊತ್ತಿಲ್ಲ, ಎಲ್ಲರಿಗೂ ಹಂಚಿ ಅಂತೀರಿ. ನಾನು ಮೇಲೆ ಬರೆದದ್ದನ್ನು ಓದಲು ಎರಡು ನಿಮಿಷ ಸಾಕಿತ್ತು.

ಜೆ.ಪಿ. ನಗರ: ಒಳ್ಳೇದಾಗಲಿ ಅಂತ ಹಾಕಿದೆ. ಇಷ್ಟು ಜೋರು ಮಾಡುವ ಅಗತ್ಯ ಇರಲಿಲ್ಲ.

ವಿಜಯನಗರ: ಜೋರು ಮಾಡಿದ್ದು ಸರಿಯೇ ಇದೆ. ನಾನು ಆಸಿಡ್ ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದ್ದು. ಸರ್, ಟ್ರ್ಯಾಪ್ ಬಿಚ್ಚಿದೆ. ನೀರು ಹೋಗುತ್ತಿದೆ.

ಅಡ್ಮಿನ್: ಫಾರ್ವರ್ಡ್ ತೆಗೆದಿದ್ದೇನೆ. ಮತ್ತೆ ಹಾಕಿದರೆ ಗುಂಪಿನಿಂದಲೂ ತೆಗೆಯುತ್ತೇನೆ.

ರಾಮಕೃಷ್ಣನಗರ: ಬಾಡಿಗೆ ಮನೆಯಲ್ಲಿ ಪೈಪ್ ಒಡೆದರೆ ರಿಪೇರಿ ದುಡ್ಡು ಓನರ್ ಕೊಡಬೇಕಾ, ನಾವಾ?

ಹೂಟಗಳ್ಳಿ: ನಮ್ಮ ಟಾಯ್ಲೆಟ್ ಪಿಟ್ ತುಂಬಿ ವಾಪಸ್ ಬರುತ್ತಿದೆ. ಮುಚ್ಚಳ ತೆಗೆದು ನಾನೇ ಇಳಿದು ಕೋಲು ಹಾಕಲಾ?

ಪ್ಲಂಬರ್: ಇಳಿಯಬೇಡಿ. ಬಗ್ಗಿಯೂ ನೋಡಬೇಡಿ. ಒಳಗಿನ ವಿಷಗಾಳಿಗೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತದೆ. ಕಾಪಾಡಲು ಇಳಿದವರೂ ಹೋಗುತ್ತಾರೆ. ಕೂಲಿಯವರನ್ನು ಇಳಿಸುವುದಕ್ಕೂ 2013ರ ಕಾಯ್ದೆಯಲ್ಲಿ ನಿಷೇಧ ಇದೆ. ಸಕ್ಕಿಂಗ್ ಗಾಡಿ ಕರೆಸಿ.

ಬೋಗಾದಿ: ಅಣ್ಣ ಕ್ಷಮಿಸಿ, ಅಡುಗೆ ಮಾಡುತ್ತಿದ್ದೆ, ಫೋನ್ ನೋಡಿರಲಿಲ್ಲ. ಅಡ್ಮಿನ್ ಫೋನ್ ಬಂತು. ಎಂಸಿಬಿ ಕೆಳಗೆ ಮಾಡಿದೆ. ಮಗ ಸ್ನಾನಕ್ಕೆ ಹೊರಟಿದ್ದ, ನಿಲ್ಲಿಸಿದೆ. ಭಾವ ಮಾತ್ರ ಏನೂ ಆಗಲ್ಲ, ಅವರ ಮನೆಯಲ್ಲೂ ಹಾಗೇ ಮಾಡಿದ್ದೇನೆ ಅಂತಿದ್ದಾರೆ.

ಪ್ಲಂಬರ್: ಅವರ ಮನೆಯ ಗೀಸರನ್ನೂ ಇವತ್ತೇ ಆಫ್ ಮಾಡಿಸಿ. ನಾನೇ ಮಾತಾಡಬೇಕು ಅಂದರೆ ಅಡ್ಮಿನ್ ಹತ್ತಿರ ನನ್ನ ನಂಬರ್ ತೆಗೆದುಕೊಳ್ಳಲಿ.

ನಿಮ್ಮದಕ್ಕೆ ನಾಳೆ ಹೀಗೆ. ಗೀಸರ್ ಪೂರ್ತಿ ಆರಿದ ಮೇಲೆ ಕಂಪನಿಯ ಸರ್ವೀಸಿನವರನ್ನು ಕರೆಸಿ. ಅಲ್ಲಿಯವರೆಗೆ ಎಂಸಿಬಿ ಯಾರೂ ಮೇಲೆ ಮಾಡದ ಹಾಗೆ ಟೇಪ್ ಅಂಟಿಸಿ. ಥರ್ಮೋಸ್ಟಾಟ್, ಕಟ್-ಔಟ್, ವಾಲ್ವ್ ಮೂರೂ ಹೊಸದು ಹಾಕಬೇಕು. ಎಂ-ಸೀಲ್ ಕೆರೆದು ಹಳೇ ವಾಲ್ವನ್ನೇ ಇಟ್ಟುಕೊಳ್ಳಲು ಒಪ್ಪಬೇಡಿ. ಗೀಸರಿನ ಪ್ಲೇಟ್ ಮೇಲೆ ಎಷ್ಟು ಬಾರ್ ಒತ್ತಡ ಅಂತ ಬರೆದಿರುತ್ತದೆ, ವಾಲ್ವ್ ಅದಕ್ಕೆ ಹೊಂದಬೇಕು. ಒಳಗಿನ ಟ್ಯಾಂಕ್ ಉಬ್ಬಿದ್ದರೆ ಗೀಸರನ್ನೇ ಬದಲಾಯಿಸಿ.

ಹೊಸ ವಾಲ್ವ್ ಕೂಡ ನೀರು ಕಾಯುವಾಗ ತೊಟ್ಟಿಕ್ಕುತ್ತದೆ, ಅದು ಸರಿಯೇ. ಬಾಯಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ ಬಚ್ಚಲ ಜಾಲರಿಯವರೆಗೆ ಇಳಿಬಿಡಿ, ಅದರ ತುದಿ ತೆರೆದೇ ಇರಲಿ. ಗೀಸರ್ ಆರಿ ಗಂಟೆಗಟ್ಟಲೆ ಆದ ಮೇಲೂ ಸೋರಿದರೆ ಆಗ ವಾಲ್ವಿನ ದೋಷ. ನಿಮ್ಮ ಕಡೆ ಬೋರ್ ನೀರಾದರೆ ಸುಣ್ಣ ಕಟ್ಟಿ ಹಾಗಾಗುತ್ತದೆ. ಸರ್ವೀಸಿನವರು ಬಂದು ಏನು ಹೇಳಿದರು ಅಂತ ನಾಳೆ ಇಲ್ಲಿ ಬರೆಯಿರಿ ಅಮ್ಮ.

ಬೋಗಾದಿ: ಸರಿ ಅಣ್ಣ. ಭಾವನ ಮನೆಗೆ ಮಗನನ್ನು ಕಳಿಸುತ್ತಿದ್ದೇನೆ.