ಕೈಗೆ ಅಂಟಿದ ಫೈಬರ್ ರೆಸಿನ್ ತೆಗೆಯುವುದು ಹೇಗೆ? ಅನುಭವ ಇದ್ದವರು ಹೇಳಿ

ನಮ್ಮ ಸಣ್ಣ ಫೈಬರ್ ದೋಣಿಯ ತಳ ಬಿರುಕು ಬಿಟ್ಟಿದೆ. ನಾನೂ ಅಣ್ಣನೂ ಸೇರಿ ಗಾಜಿನ ಎಳೆಯ ಮ್ಯಾಟ್ ಹಾಕಿ ಪ್ಯಾಚ್ ಮಾಡುತ್ತಿದ್ದೇವೆ. ಅಂಟಿಗೆ ಬಳಸುವುದು ಪಾಲಿಯೆಸ್ಟರ್ ರೆಸಿನ್. ಗ್ಲೌಸ್ ಹಾಕಿಕೊಂಡರೂ ಮಣಿಕಟ್ಟಿನ ಹತ್ತಿರ ಅಂಟಿಕೊಳ್ಳುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಅಂಗಡಿಯವರು ಒಂದು ಬಾಟಲಿ ಅಸಿಟೋನ್ ಕೊಟ್ಟು ಇದರಲ್ಲೇ ತೊಳೆದುಕೊಳ್ಳಿ ಅಂದರು. ಅಣ್ಣನಿಗೆ ಮೊದಲೇ ಕೈ ಒಡೆಯುವ ತೊಂದರೆ ಇದೆ, ಹಾಗಾಗಿ ಹೆದರಿಕೆ. ದಿನಾ ಈ ಕೆಲಸ ಮಾಡುವವರು ಏನು ಮಾಡುತ್ತೀರಿ?

* * *

ನಾನು ಗಂಗೊಳ್ಳಿ ಕಡೆಯವನು, ಫೈಬರ್ ಕೆಲಸವೇ ಹೊಟ್ಟೆಪಾಡು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ಆಗ ರಿಪೇರಿ ಕೆಲಸ ಮೈತುಂಬ. ಅಸಿಟೋನ್ ನಮ್ಮಲ್ಲೂ ಕ್ಯಾನ್‌ಗಟ್ಟಲೆ ಇರುತ್ತದೆ. ಆದರೆ ಅದು ಬ್ರಶ್ಶು, ರೋಲರ್ ತೊಳೆಯಲಿಕ್ಕೆ ಮಾರಾಯ್ರೆ, ಕೈಗಲ್ಲ. ಅಸಿಟೋನ್ ರೆಸಿನ್ನನ್ನು ತೆಳ್ಳಗೆ ಮಾಡಿ ಇಡೀ ಕೈಗೆ ಹರಡುತ್ತದೆ. ಚರ್ಮದ ಜಿಡ್ಡನ್ನೂ ಎಳೆದುಕೊಂಡು ಹೋಗುತ್ತದೆ. ಮೊದಲೇ ಒಡೆದ ಕೈಯಾದರೆ ಕೇಳುವುದೇ ಬೇಡ. ಥಿನ್ನರ್, ಪೆಟ್ರೋಲ್, ಸೀಮೆಎಣ್ಣೆ ಎಲ್ಲದಕ್ಕೂ ಇದೇ ಮಾತು.

ಎಲ್ಲಕ್ಕಿಂತ ಮುಖ್ಯ ಸಮಯ. ಗಟ್ಟಿಯಾಗಲಿಕ್ಕೆ ಬೆರೆಸುವ ಹಾರ್ಡನರ್ ಹಾಕಿದ ಮೇಲೆ ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ರೆಸಿನ್ ಜೆಲ್ಲಿ ಥರ ಆಗುತ್ತದೆ. ಸೆಖೆ ಜಾಸ್ತಿ ಇದ್ದರೆ ಇನ್ನೂ ಬೇಗ. ತೆಗೆಯುವುದಿದ್ದರೆ ಅಷ್ಟರೊಳಗೆ ತೆಗೆಯಬೇಕು. ಆದ್ದರಿಂದ ರೆಸಿನ್ ಕಲಸುವ ಮೊದಲೇ ಹಳೇ ಬಟ್ಟೆ, ತೆಂಗಿನೆಣ್ಣೆ, ಪಾತ್ರೆ ತೊಳೆಯುವ ಲಿಕ್ವಿಡ್, ಒಂದು ಬಕೆಟ್ ನೀರು ಪಕ್ಕದಲ್ಲಿ ಇಟ್ಟುಕೊಳ್ಳಿ.

ಅಂಟಿದ ಕೂಡಲೇ ಒಣಬಟ್ಟೆಯಿಂದ ಒಂದೇ ಕಡೆಗೆ ಒರೆಸಿ ತೆಗೆಯಿರಿ. ಗರಗರ ತಿಕ್ಕಬೇಡಿ. ಆಮೇಲೆ ಧಾರಾಳವಾಗಿ ಎಣ್ಣೆ ಸುರಿದು ಬೆರಳಲ್ಲಿ ನಿಧಾನ ಉಜ್ಜಿ. ಮೊದಲು ನೂಲು ನೂಲಾಗಿ ಏಳುತ್ತದೆ, ಆಮೇಲೆ ಅಂಟು ಸಡಿಲವಾಗಿ ಎಣ್ಣೆಯ ಜೊತೆ ಜಾರುತ್ತದೆ. ಅದನ್ನು ಒರೆಸಿ, ಕಡಲೆಹಿಟ್ಟು ಉದುರಿಸಿ ಜಿಡ್ಡು ಹೀರಿಸಿ, ಲಿಕ್ವಿಡ್ ಹಾಕಿ ತೊಳೆಯಿರಿ. ಸ್ವಲ್ಪ ಉಳಿದರೆ ಇನ್ನೊಂದು ಸಲ. ಗ್ಯಾರೇಜಿನವರು ಕೈ ತೊಳೆಯುವ ಪೇಸ್ಟ್ ಸಿಕ್ಕರೆ ಅದೂ ಒಳ್ಳೆಯದೇ. ಆದರೆ ತರಿ ಇರುವ ಪೇಸ್ಟು ಒಡೆದ ಕೈಗೆ ಬೇಡ.

ಹಲಸಿನ ಹಣ್ಣು ಬಿಡಿಸುವಾಗ ಮೇಣ ಹಿಡಿಯದಂತೆ ಮೊದಲೇ ಎಣ್ಣೆ ಸವರಿಕೊಳ್ಳುತ್ತೇವಲ್ಲ, ಇಲ್ಲಿ ಮಾತ್ರ ಹಾಗೆ ಮಾಡಬೇಡಿ. ಕೈಯ ಎಣ್ಣೆ ಮ್ಯಾಟ್ ಮೇಲೆ, ದೋಣಿಯ ಮೇಲೆ ಬಿದ್ದರೆ ರೆಸಿನ್ ಅಲ್ಲಿ ಹಿಡಿಯುವುದಿಲ್ಲ. ಪ್ಯಾಚ್ ಎದ್ದು ಬರುತ್ತದೆ. ಎಣ್ಣೆ ಏನಿದ್ದರೂ ಅಂಟಿದ್ದನ್ನು ಬಿಡಿಸಲಿಕ್ಕೆ ಮಾತ್ರ, ಅದೂ ದೋಣಿಯಿಂದ ದೂರ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಹಾರ್ಡನರ್ ನೋಡಲಿಕ್ಕೆ ನೀರಿನ ಹಾಗಿರುತ್ತದೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಕನ್ನಡಕ ಹಾಕಿಕೊಂಡೇ ಅಳೆಯಿರಿ. ಹಾರಿತೋ, ಕನಿಷ್ಠ 15 ನಿಮಿಷ ನೀರು ಬಿಟ್ಟು ತೊಳೆದು ಸೀದಾ ಆಸ್ಪತ್ರೆಗೆ. ಚರ್ಮಕ್ಕೆ ಬಿದ್ದರೂ ಸುಡುತ್ತದೆ, ಅಲ್ಲಿ ಎಣ್ಣೆ ಅಲ್ಲ, ಬರೀ ನೀರು ಸುರಿಯುತ್ತಾ ಇರಿ. ಮತ್ತೆ, ಹಾರ್ಡನರನ್ನೂ, ರೆಸಿನ್ ಬೇಗ ಗಟ್ಟಿಯಾಗಲಿಕ್ಕೆ ಹಾಕುವ ಕೋಬಾಲ್ಟನ್ನೂ ನೇರ ಒಂದಕ್ಕೊಂದು ಬೆರೆಸಬೇಡಿ, ಸಿಡಿಯುತ್ತದೆ.

* * *

ಮೇಲಿನವರು ಪಾಲಿಯೆಸ್ಟರ್ ಬಗ್ಗೆ ಹೇಳಿದ್ದಾರೆ. ನಾನು ಬೆಂಗಳೂರಿನಲ್ಲಿ ಎಪಾಕ್ಸಿ ಕೆಲಸ ಮಾಡುತ್ತೇನೆ, ಅದು ಇನ್ನೊಂದು ಬಗೆಯ ರೆಸಿನ್, ಅದರ ಬಗ್ಗೆ ಎರಡು ಮಾತು. ಎಪಾಕ್ಸಿಯಲ್ಲಿ ಉರಿಗಿಂತ ಅಲರ್ಜಿಯ ಭಯ ಜಾಸ್ತಿ. ಎಷ್ಟೋ ದಿನ ಏನೂ ಆಗುವುದಿಲ್ಲ. ಆಮೇಲೆ ಒಮ್ಮೆ ಅಲರ್ಜಿ ಹಿಡಿಯಿತು ಅಂದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ, ತೊಟ್ಟು ಬಿದ್ದರೂ ಕೆರೆತ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಒಳ್ಳೆಯ ಕೆಲಸಗಾರ ಇದರಿಂದಲೇ ಕೆಲಸ ಬಿಟ್ಟ. ವಿನೆಗರ್ ಒಳ್ಳೆಯದು ಅಂತ ತುಂಬಾ ಜನ ಹೇಳುತ್ತಾರೆ. ಗಟ್ಟಿಯಾಗದ ಎಪಾಕ್ಸಿಯನ್ನು ಅದು ಬಿಡಿಸುವುದು ನಿಜ, ನಾನು ಸ್ಪ್ಯಾಚುಲಾ ಒರೆಸಲು ಬಳಸುತ್ತೇನೆ. ಕೈಗೆ ಮಾತ್ರ ಪೇಸ್ಟ್, ಸೋಪು, ನೀರು ಅಷ್ಟೇ.

ಗ್ಲೌಸ್ ನೈಟ್ರೈಲ್‌ದೇ ತೆಗೆದುಕೊಳ್ಳಿ, ಅದರ ಮೇಲೆ ಫುಲ್ ತೋಳಿನ ಶರ್ಟು. ಗ್ಲೌಸ್ ತುದಿಯನ್ನು ತೋಳಿಗೆ ಸೇರಿಸಿ ಟೇಪ್ ಸುತ್ತಿದರೆ ಮಣಿಕಟ್ಟಿನ ಸಮಸ್ಯೆ ಅಲ್ಲೇ ಮುಗಿಯಿತು. ತೆಳ್ಳನೆಯ ನೈಟ್ರೈಲ್ ಅಸಿಟೋನ್ ತಡೆಯುವುದಿಲ್ಲ, ಬೇಗ ಒಳಗೆ ಇಳಿಯುತ್ತದೆ. ಬ್ರಶ್ ತೊಳೆದ ಗ್ಲೌಸ್ ತೆಗೆದು ಬಿಸಾಡಿ. ಉಂಗುರ, ವಾಚು ಮನೆಯಲ್ಲೇ ಇರಲಿ.

* * *

ಅಣ್ಣಾ, ಅಂಟಿನ ಜೊತೆ ಗಾಜಿನ ಎಳೆಯೂ ಇರುತ್ತದೆ, ಅದನ್ನು ಮರೆಯಬೇಡಿ. ನಮ್ಮವರು ಸ್ಯಾಂಡಿಂಗ್ ಮಾಡಿ ಬಂದ ದಿನ ತೋಳಿನ ಮೇಲೆ ಬಿಸಿಲಿಗೆ ಹಿಡಿದರೆ ಮಿಣಮಿಣ ಕಾಣುತ್ತದೆ. ಉಜ್ಜಿದರೆ ಒಳಗೆ ಹೋಗುತ್ತದೆ. ನಾನು ಮೊದಲು ಅಂಟು ಟೇಪ್ ಮೆಲ್ಲನೆ ಒತ್ತಿ ಎತ್ತಿಸುತ್ತೇನೆ, ಆಮೇಲೆ ನಲ್ಲಿ ಕೆಳಗೆ ಉಜ್ಜದೆ ತೊಳೆಯುವುದು. ಆ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ಖಂಡಿತ ಹಾಕಬೇಡಿ, ಬೇರೆಯೇ ಒಗೆದು ಬಕೆಟ್ ಕೂಡ ತೊಳೆದಿಡಿ.

* * *

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಎಣ್ಣೆ, ಕಡಲೆಹಿಟ್ಟು ಹಾಕಿ ತೆಗೆದೆವು, ಬಹುಪಾಲು ಹೋಯಿತು. ಆದರೆ ಅಣ್ಣನ ಮೊಣಕೈ ಹತ್ತಿರ ಕಾಣದೆ ಉಳಿದದ್ದು ಬೆಳಿಗ್ಗೆ ಗಟ್ಟಿ ಚಕ್ಕೆ ಆಗಿದೆ, ಕೂದಲೂ ಸಿಕ್ಕಿಕೊಂಡಿದೆ. ಬ್ಲೇಡಿನಲ್ಲಿ ಕೆರೆಯಲೇ?

* * *

ಬ್ಲೇಡ್ ಮುಟ್ಟಬೇಡಿ. ಗಟ್ಟಿಯಾದ ಮೇಲೆ ಎಣ್ಣೆಗೂ ಕರಗುವುದಿಲ್ಲ, ಅಸಿಟೋನಿಗೂ ಕರಗುವುದಿಲ್ಲ. ಕೂದಲನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ. ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ, ಅಂಚು ತಾನಾಗಿ ಎದ್ದಷ್ಟನ್ನು ಮಾತ್ರ ತೆಗೆಯಿರಿ. ಉಳಿದದ್ದು ಬೆವರಿಗೆ, ಸ್ನಾನಕ್ಕೆ ಕೆಲವೇ ದಿನಗಳಲ್ಲಿ ಉದುರುತ್ತದೆ. ರಾತ್ರಿ ವ್ಯಾಸಲೀನ್ ಹಚ್ಚಿ ಮಲಗಲಿ. ಸುತ್ತ ಕೆಂಪಾದರೆ, ಗುಳ್ಳೆ ಎದ್ದರೆ, ಕಣ್ಣಿನ ರೆಪ್ಪೆ ಊದಿಕೊಂಡರೆ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ರೆಸಿನ್ ಡಬ್ಬದ ಲೇಬಲ್ ಫೋಟೊ ತೋರಿಸಿ. ಅಲ್ಲಿಯವರೆಗೆ ರೆಸಿನ್ ಕೆಲಸ ನೀವೇ ಮಾಡಿ, ಅಣ್ಣ ಮ್ಯಾಟ್ ಕತ್ತರಿಸಿ ಕೊಡಲಿ, ಅದೂ ಗ್ಲೌಸ್ ಹಾಕಿಕೊಂಡು.