1951ರ ಶೆವರ್ಲೆ ಪಿಕಪ್, 6 ವೋಲ್ಟ್: ಫಾಗ್ ಲ್ಯಾಂಪ್, ಮೊಬೈಲ್ ಚಾರ್ಜರ್ ಲೈನ್ ಎಲ್ಲಿಂದ ತಗೋಬೇಕು?

ನಿಪ್ಪಾಣಿ_ಚಿಂಚವಡ

ನಮಸ್ಕಾರ್ರಿ ಎಲ್ಲಾರಿಗೂ. ನಾ ನಿಪ್ಪಾಣಿ ಕಡೆಯಾಂವ, ನೌಕರಿ ಸಲುವಾಗಿ ಪುಣೆ ಚಿಂಚವಡದಾಗ ಇರ್ತೀನಿ. ನಮ್ಮ ಸೋದರಮಾವನ ಕಡೆ ಇದ್ದ 1951ರ ಶೆವರ್ಲೆ 3100 ಪಿಕಪ್ ಈಗ ನನ್ನ ಕಡೆ ಬಂದೈತಿ, ಒಂದು ಕಾಲದಾಗ ತಂಬಾಕದ ಚೀಲ ಹೊತ್ತ ಗಾಡಿ. ಎಂಜಿನ್ ಗಟ್ಟಿ ಐತಿ. ಕರೆಂಟ್ ಮಾತ್ರ ಹಳೇದ, 6 ವೋಲ್ಟ್, ನೆಗೆಟಿವ್ ಅರ್ಥ್ (ಬ್ಯಾಟರಿ ನೆಗೆಟಿವ್ ಗಾಡಿ ಲೋಹಕ್ಕ), ಡೈನಮೋ, ಅದರ ಕರೆಂಟ್ ಹತೋಟಿ ಮಾಡೂ ರೆಗ್ಯುಲೇಟರ್-ಕಟೌಟ್ ಡಬ್ಬಿ, ಬಟ್ಟಿ ಸುತ್ತಿದ ವೈರು.

ಮಳಿಗಾಲದಾಗ ಆಜರಾ, ಆಂಬೋಲಿ ಘಾಟ್ ಇಳದು ಸಾವಂತವಾಡಿ ಮ್ಯಾಲೆ ಗೋವಾಕ್ಕ ಹೋಗಬೇಕಂತ ಭಾಳ ಆಸೆ. ಆಂಬೋಲಿ ಮಂಜು ನೋಡಿದವರಿಗೆ ಗೊತ್ತ ಇರ್ತದ, ಮಧ್ಯಾಹ್ನ ಹೊತ್ತಿನ್ಯಾಗೂ ಬಾನೆಟ್ ಮುಂದ ಏನೂ ಕಾಣಂಗಿಲ್ಲ. ಅದಕ್ಕ 6 ವೋಲ್ಟಿನ ಎರಡು ಹಳದಿ ಫಾಗ್ ಲ್ಯಾಂಪ್ ಹುಡುಕಿ ತಂದೀನಿ, ಒಂದೊಂದು 35 ವ್ಯಾಟ್. ಮೊಬೈಲ್ ಚಾರ್ಜ್ ಆಗಾಕ ಒಂದು ಪಾಯಿಂಟ್ ಬೇಕು, ಆಮ್ಯಾಲೆ ಇಂಡಿಕೇಟರ್, ನನ್ನ ಗಾಡಿಗೆ ಅವು ಇಲ್ಲೇ ಇಲ್ಲ.

ಒಬ್ಬ ಮೆಕ್ಯಾನಿಕ್ ಅಂತಾನ, ಲೈಟ್ ಸ್ವಿಚ್‌ನಿಂದನ ಎಳದ ಬಿಡ್ರಿ. ಇನ್ನೊಬ್ಬ ಅಂತಾನ, ಪೂರಾ 12 ವೋಲ್ಟ್ ಮಾಡಿಬಿಡ್ರಿ, 6 ವೋಲ್ಟ್ ಅಂದ್ರ ಕತ್ತಲೀನ. ಹೆಡ್‌ಲೈಟ್ ಈಗ ಖರೇನ ಮಂದ ಐತಿ. ಆದ್ರ ಮಾವ ಇಷ್ಟು ವರ್ಷ ಜೋಪಾನ ಮಾಡಿದ್ದನ್ನ ಕಿತ್ತು ಹಾಕಾಕ ಮನಸ್ಸ ಬರವಲ್ದು. ಏನ್ ಮಾಡ್ಲಿ?

ಡೊಂಬಿವಲಿ_ವೈಂಡಿಂಗ್

ಮೊದಲು ಲೆಕ್ಕ ಹಾಕುವ, ಮತ್ತೆ ವೈರ್ ಮುಟ್ಟುವ ಮಾರಾಯ್ರೆ. 6 ವೋಲ್ಟಲ್ಲಿ ಅದೇ ವ್ಯಾಟಿಗೆ 12ರ ಎರಡು ಪಟ್ಟು ಆಂಪಿಯರ್ ಬೇಕು, ಎಲ್ಲ ತಾಪತ್ರಯ ಇರುವುದೇ ಅಲ್ಲಿ. ಹಳೇ ಸೀಲ್ಡ್ ಬೀಮ್ (ಗಾಜು, ಬಲ್ಬು ಒಂದೇ ತುಂಡಾಗಿರುವ) ಹೆಡ್‌ಲೈಟ್ 45/35 ವ್ಯಾಟಿನದ್ದಾದರೆ ಹೈ ಬೀಮಿನಲ್ಲಿ ಎರಡಕ್ಕೆ 90 ವ್ಯಾಟ್, ಅಂದರೆ 15 ಆಂಪಿಯರ್. ಇಗ್ನಿಷನ್ನಿಗೆ ಒಂದು ನಾಲ್ಕು, ಹಿಂದಿನ ಲೈಟು ಮೀಟರ್ ಲೈಟಿಗೆ ಎರಡು ಹಿಡಿಯಿರಿ, 21 ಆಯ್ತು. ನಿಮ್ಮ ಫಾಗ್ ಲ್ಯಾಂಪ್ ಎರಡೂ ಸೇರಿ 70 ವ್ಯಾಟ್, ಸುಮಾರು 12 ಆಂಪಿಯರ್. ಒಟ್ಟು 33. ಡೈನಮೋದ ಪ್ಲೇಟ್ ಓದಿ, 35 ಆಂಪಿಯರಿನದ್ದಾದರೆ ಗಾಡಿ ಜೋರು ಓಡುವಾಗ ಮಾತ್ರ ಹೇಗೋ ಸರಿದೂಗುತ್ತದೆ, ಘಾಟಿಯಲ್ಲಿ ಮುಂದೆ ಲಾರಿ ನಿಂತು ನೀವು ಐಡ್ಲಿಂಗಿನಲ್ಲಿ ಕಾಯುವಾಗ ಡೈನಮೋ ಏನೂ ಕೊಡುವುದಿಲ್ಲ, ಎಲ್ಲ ಬ್ಯಾಟರಿಯಿಂದಲೇ ಹೋಗುತ್ತದೆ. ಮತ್ತೆ ಫಾಗ್ ಲ್ಯಾಂಪ್ ಬೇಕಾಗುವುದೇ ಅಂಥ ಹೊತ್ತಿನಲ್ಲಿ. ಹಾಗಾಗಿ ಮಂಜಿನಲ್ಲಿ ಡಿಮ್ ಜೊತೆ ಮಾತ್ರ ಫಾಗ್ ಹಾಕಿ. ಹೈ ಬೀಮ್ ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ, ಅದರಿಂದ ಉಪಯೋಗವೂ ಇಲ್ಲ.

ಲೈಟ್ ಸ್ವಿಚ್‌ನಿಂದ ಎಳೆಯುವ ಮಾತು ಬಿಟ್ಟುಬಿಡಿ, ಎಪ್ಪತ್ತು ವರ್ಷದ ಸ್ವಿಚ್ಚಿಗೂ ಬಟ್ಟೆ ವೈರಿಗೂ ಇನ್ನೊಂದು 12 ಆಂಪಿಯರ್ ಹೇರಿದರೆ ಡ್ಯಾಶ್‌ಬೋರ್ಡ್ ಹಿಂದೆಯೇ ಹೊಗೆ ಬರುತ್ತದೆ. ರಿಲೇ ಹಾಕಿ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್. ಅದರ ಕಾಯಿಲ್ 6 ವೋಲ್ಟಿನದ್ದು ಅಂತ ಕೇಳಿ ತೆಗೆದುಕೊಳ್ಳಿ, ಸಾದಾ ಕಾರ್ ರಿಲೇ ಕಾಯಿಲ್ 12ರದ್ದು, ಅದು 6ರಲ್ಲಿ ಎಳೆಯುವುದಿಲ್ಲ. ಮುಂಬೈಗೆ ಬಂದರೆ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಿ, ನಿಮ್ಮಲ್ಲಿ ಬುಧವಾರ ಪೇಟೆಯ ತಪಕೀರ್ ಗಲ್ಲಿ ಉಂಟಲ್ಲ. ರಿಲೇಯ ಪಿನ್ನುಗಳಿಗೆ ನಂಬರ್ ಇರುತ್ತದೆ: 30ಕ್ಕೆ ಲೈನ್, 87ರಿಂದ ಲ್ಯಾಂಪಿಗೆ, 86ಕ್ಕೆ ಡಿಮ್ ವೈರಿನಿಂದ ಸ್ವಿಚ್ ಮೂಲಕ, 85 ಗಾಡಿಯ ಲೋಹದ ಮೈಗೆ. ಆಗ ಡಿಮ್ ಇಲ್ಲದೆ ಫಾಗ್ ಹೊತ್ತುವುದೇ ಇಲ್ಲ.

ಲೈನನ್ನು ಬ್ಯಾಟರಿಯ ಪ್ಲಸ್‌ನಿಂದ ತೆಗೆಯಬೇಡಿ. ತೆಗೆದರೆ ಗಾಡಿ ಓಡುವಾಗ ಡೈನಮೋದ ಕರೆಂಟ್ ಅಮ್ಮೀಟರ್ (ಚಾರ್ಜ್ ತೋರಿಸುವ ಮೀಟರ್) ದಾಟಿ ಲ್ಯಾಂಪಿಗೆ ಹೋಗುತ್ತದೆ, ಮುಳ್ಳು ಚಾರ್ಜ್ ಆಗ್ತಾ ಉಂಟು ಅಂತ ತೋರಿಸುತ್ತದೆ, ಬ್ಯಾಟರಿಗೆ ಏನೂ ಸಿಕ್ಕಿರುವುದಿಲ್ಲ. ರೆಗ್ಯುಲೇಟರಿನ ಬ್ಯಾಟ್ ಟರ್ಮಿನಲ್‌ನಿಂದ ತೆಗೆಯಿರಿ, ಅಲ್ಲೇ ಒಂದು ಗೇಣಿನ ಒಳಗೆ 20 ಆಂಪಿಯರ್ ಫ್ಯೂಸ್. ಫ್ಯೂಸ್ ಇರುವುದು ವೈರನ್ನು ಉಳಿಸಲಿಕ್ಕೆ, ಲ್ಯಾಂಪಿನ ಹತ್ತಿರ ಹಾಕಿದರೆ ನಡುವಿನ ವೈರಿಗೆ ರಕ್ಷಣೆಯೇ ಇಲ್ಲ.

ವೈರ್ 4 ಸ್ಕ್ವೇರ್ ಎಂಎಂ. ದಪ್ಪ ಜಾಸ್ತಿ ಅಂತ ಅಂಗಡಿಯವ ಹೇಳಿಯಾನು, ಕೇಳಬೇಡಿ. 1.5 ಸ್ಕ್ವೇರಿನ ವೈರಲ್ಲಿ ನಾಲ್ಕು ಮೀಟರ್ ಹೋಗುವಷ್ಟರಲ್ಲಿ 12 ಆಂಪಿಯರಿಗೆ ಅರ್ಧ ವೋಲ್ಟಿಗಿಂತ ಮೇಲೆ ತಿಂದುಹೋಗುತ್ತದೆ. 12 ವೋಲ್ಟ್ ಗಾಡಿಯಲ್ಲಿ ಅದು ಗೊತ್ತೂ ಆಗುವುದಿಲ್ಲ, ನಿಮ್ಮದರಲ್ಲಿ ಬೆಳಕಿನ ಕಾಲು ಭಾಗ ಹೋಯಿತು.

ಕೋಥ್ರುಡ್_ಹಳೇಗಾಡಿ

12 ಮಾಡಿ ಅನ್ನೋರು ಪೂರ್ತಿ ಪಟ್ಟಿ ಹೇಳೋದಿಲ್ಲ ಸಾರ್. ಬ್ಯಾಟರಿ, ಅಷ್ಟೂ ಬಲ್ಬು, ಇಗ್ನಿಷನ್ ಕಾಯಿಲ್, ಡೈನಮೋ ರೆಗ್ಯುಲೇಟರ್ ಎರಡೂ, ಹಾರ್ನ್, ಪೆಟ್ರೋಲ್ ಗೇಜಿಗೆ ವೋಲ್ಟೇಜ್ ಇಳಿಸೋ ವ್ಯವಸ್ಥೆ, ಇಷ್ಟೆಲ್ಲ ಬದಲಾಯಿಸಬೇಕು, ಸ್ಟಾರ್ಟರ್ ಹಳೇದೇ ತಿರುಗುತ್ತೆ ಆದ್ರೆ ಫ್ಲೈವೀಲ್ ಹಲ್ಲಿಗೆ ಜೋರಾಗಿ ಬಡಿಯುತ್ತೆ. ಎರಡು ಲ್ಯಾಂಪಿಗೋಸ್ಕರ ಇಷ್ಟು ಮಾಡೋದು ನನಗಂತೂ ಸರಿ ಕಾಣ್ಸಲ್ಲ. ಆ ಕಾಲದ ಶೆವರ್ಲೆಗಳನ್ನ ಮುಂಬೈ ಶಿವಡಿಯಲ್ಲಿ ಜನರಲ್ ಮೋಟರ್ಸ್‌ನೋರು 1928ರಿಂದ 1954ರವರೆಗೆ ಜೋಡಿಸ್ತಾ ಇದ್ರು, ನಿಮ್ಮದೂ ಅಲ್ಲಿಂದಲೇ ಬಂದಿರಬಹುದು, ಪ್ಲೇಟ್ ಇದ್ರೆ ಹುಡುಕಿ ನೋಡಿ. ಅಂಥಾದ್ದು 6 ವೋಲ್ಟಲ್ಲೇ ಓಡ್ತಾ ಇದೆ ಅಂದ್ರೆ ಅದರ ಬೆಲೆಯೇ ಬೇರೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ನಿಯಮ ತಂತಲ್ಲ, ಅದರಲ್ಲೂ ಗಾಡಿ ಮೂಲ ರೂಪದಲ್ಲಿರಬೇಕು ಅನ್ನೋದೇ ಮುಖ್ಯ. ಮುಂದೆ ಮಾಡಿಸೋ ಯೋಚನೆ ಇದ್ರೆ ಹೊಸ ವೈರಿಂಗ್ ಎಲ್ಲ ಹಳೇದಕ್ಕೆ ಕತ್ತರಿ ಹಾಕದೆ ಪ್ರತ್ಯೇಕವಾಗಿ ಎಳೀರಿ, ಬೇಡ ಅಂದ ದಿನ ಬಿಚ್ಚಿ ತೆಗೆಯೋ ಹಾಗಿರ್ಲಿ.

ಚಾರ್ಜರಿಗೆ 6ರಿಂದ 12 ಮಾಡೋ ಸ್ಟೆಪ್‌ಅಪ್ ಕನ್ವರ್ಟರ್ ಸಿಗುತ್ತೆ, ಅದರ ಮುಂದೆ ಸಾದಾ ಕಾರ್ ಚಾರ್ಜರ್. ಇಗ್ನಿಷನ್ ಕೀ ಹಾಕಿದಾಗ ಮಾತ್ರ ಬರೋ ಲೈನಿಂದ ಕೊಡಿ, ಇಲ್ಲಾಂದ್ರೆ ಗಾಡಿ ನಿಂತಾಗಲೂ ಅದು ಬ್ಯಾಟರಿ ಸ್ವಲ್ಪ ಸ್ವಲ್ಪ ಹೀರ್ತಾ ಇರುತ್ತೆ. 3 ಆಂಪಿಯರ್ ಫ್ಯೂಸ್ ಸಾಕು. ಇಂಡಿಕೇಟರ್ ಎಲ್‌ಇಡಿ ಹಾಕೋದಾದ್ರೆ ಅದನ್ನ ಮಿಣುಕಿಸೋ ಫ್ಲಾಶರ್ ಎಲೆಕ್ಟ್ರಾನಿಕ್ ಆಗಿರ್ಬೇಕು, ಹಳೇ ಕಾಲದ ಫ್ಲಾಶರ್ ಬಿಸಿಯಾದ್ರೇನೇ ಕೆಲಸ ಮಾಡೋದು, ಎಲ್‌ಇಡಿಗೆ ಹೋಗೋ ಸಣ್ಣ ಕರೆಂಟಿಗೆ ಅದು ಬಿಸಿಯಾಗಲ್ಲ, ಮಿಣುಕೋದೂ ಇಲ್ಲ.

ವಾಸ್ಕೋ_ಬೋಟ್‌ವೈರಿಂಗ್

ನಾ ಇಲ್ಲಿ ಗೋವಾದಾಗ ಬೋಟ್ ವೈರಿಂಗ್ ಮಾಡ್ತೀನಿ, ಮೂಲ ಗದಗ. ಮ್ಯಾಲಿನವ್ರು ಲೆಕ್ಕ ಸರಿಯಾಗಿ ಹೇಳ್ಯಾರ, ನಾ ಜೋಡಣಿ ಬಗ್ಗೆ ಅಷ್ಟ ಹೇಳ್ತೀನಿ ಯಾಕಂದ್ರ ನಮ್ಮ ಕಡೆ ಮಳಿ ಮತ್ತ ಉಪ್ಪಿನ ಗಾಳಿ ಬಿಡೂ ಮಾತಿಲ್ಲ. ವೈರ್ ತಿರುವಿ ಟೇಪ್ ಸುತ್ತಬ್ಯಾಡ್ರಿ. ನೀರು ಟೇಪಿನ ಒಳಗ ಕುಂತು ತಾಮ್ರ ಹಸಿರು ಹಿಡಿತೈತಿ, ಆಮ್ಯಾಲೆ ತಾಮ್ರದ ಎಳಿಗುಂಟ ಇನ್ಸುಲೇಶನ್ ಒಳಗ ನೀರು ಏರ್ಕೋಂತ ಹೋಗ್ತದ, ಹೊರಗಿಂದ ನೋಡಿದ್ರ ವೈರ್ ಛಲೋನ ಕಾಣ್ತೈತಿ. ವೈರಿನ ತುದಿಗೆ ಲೋಹದ ಲಗ್ ಹಾಕಿ ಸರಿಯಾದ ಟೂಲಿನಿಂದ ಒತ್ತಿ ಕ್ರಿಂಪ್ ಮಾಡ್ರಿ, ಮ್ಯಾಲೆ ಒಳಗ ಗೋಂದಿರೋ ಹೀಟ್ ಶ್ರಿಂಕ್ ಸ್ಲೀವ್. ಸಿಕ್ಕರ ತವರ ಲೇಪಿಸಿದ ತಾಮ್ರದ ವೈರ್ ತಗೋರಿ, ಬೋಟಿಗೆ ನಾವು ಅದನ್ನ ಹಾಕೂದು. ಎಂಜಿನ್ ಕಡೆಯಿಂದ ಕ್ಯಾಬಿನ್ ಒಳಗ ತಗಡು ದಾಟೂ ಜಾಗಾದಾಗ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂಡೂ ಬಳಿ) ಇರ್ಲೇಬೇಕು, ಗಾಡಿ ಅಳ್ಳಾಡಿ ಅಳ್ಳಾಡಿ ತಗಡಿನ ಅಂಚು ವೈರ್ ಕೊರಿತೈತಿ.

ಲ್ಯಾಂಪ್ ಬಂಪರ್ ಮಟ್ಟದಾಗ, ಕೆಳಗ ಹಾಕ್ರಿ. ಮುಖ ರಸ್ತೆ ಅಂಚಿನ ಬಿಳಿ ಪಟ್ಟಿ ಕಡೆ ಇರ್ಲಿ, ಆಂಬೋಲಿ ಮಂಜಿನ್ಯಾಗ ಆ ಪಟ್ಟೀನ ಹಿಡಕೊಂಡು ಹೋಗೂದು.

ನಿಪ್ಪಾಣಿ_ಚಿಂಚವಡ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. 6 ವೋಲ್ಟೇ ಇಟ್ಕೊಳ್ಳೂದು ಪಕ್ಕಾ. ಆದ್ರ ಹೆಡ್‌ಲೈಟ್ ಮಂದ ಇರೂದಕ್ಕ ಕಾರಣ ಇನ್ನೂ ತಿಳೀಲಿಲ್ಲ. ನಿನ್ನೆ ಎಂಜಿನ್ ಬಂದ್ ಇಟ್ಟು ಲೈಟ್ ಹಚ್ಚಿ ಮೀಟರ್ ಹಿಡದೆ, ಬ್ಯಾಟರಿ ಮ್ಯಾಲೆ 6.1, ಹೆಡ್‌ಲೈಟ್ ಹೋಲ್ಡರಿನ್ಯಾಗ 4.9 ತೋರಸ್ತು.

ಡೊಂಬಿವಲಿ_ವೈಂಡಿಂಗ್

1.2 ವೋಲ್ಟ್ ದಾರಿಯಲ್ಲೇ ಹೋಯಿತು, ಬಲ್ಬಿಗೆ ಅರ್ಧ ಬೆಳಕೂ ಸಿಗುವುದಿಲ್ಲ. ಯಾವ ಬದಿಯಲ್ಲಿ ಹೋಗ್ತದೆ ಅಂತ ನೋಡಿ. ಲೈಟ್ ಹೊತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಪೋಸ್ಟಿಗೆ, ಇನ್ನೊಂದು ಹೋಲ್ಡರಿನ ಅರ್ಥ್ ಪಿನ್ನಿಗೆ. 0.2ಕ್ಕಿಂತ ಮೇಲೆ ಬಂದರೆ ಅರ್ಥ್ ಹಾಳು.

ನಿಪ್ಪಾಣಿ_ಚಿಂಚವಡ

0.7 ಬಂತ್ರಿ!

ಡೊಂಬಿವಲಿ_ವೈಂಡಿಂಗ್

ಹಾಗಾದರೆ ಫಾಗ್ ಲ್ಯಾಂಪ್ ಕೆಲಸ ಒಂದು ವಾರ ಬದಿಗಿಡಿ. ಬ್ಯಾಟರಿಯಿಂದ ಚಾಸಿಗೆ (ಗಾಡಿಯ ಕೆಳಗಿನ ಚೌಕಟ್ಟಿಗೆ) ಹೋಗುವ ಅರ್ಥ್ ಪಟ್ಟಿ, ಎಂಜಿನ್ನಿಂದ ಚಾಸಿಗೆ, ಕ್ಯಾಬಿನ್ನಿಂದ ಚಾಸಿಗೆ ಎಲ್ಲ ಬಿಚ್ಚಿ ನೋಡಿ. ಕ್ಯಾಬಿನ್ ರಬ್ಬರ್ ಮೇಲೆ ಕೂತಿರುತ್ತದೆ, ಪ್ರತ್ಯೇಕ ಪಟ್ಟಿ ಇಲ್ಲದಿದ್ದರೆ ಕರೆಂಟಿಗೆ ಸರಿಯಾದ ವಾಪಸ್ ದಾರಿಯೇ ಇಲ್ಲ. ಬೋಲ್ಟ್ ಕೆಳಗಿನ ಪೇಂಟ್ ಕೆರೆದು ಬರೀ ಲೋಹಕ್ಕೆ ತಾಗಿಸಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಹಚ್ಚಿ. ಬ್ಯಾಟರಿ ಕೇಬಲ್ ಯಾರಾದರೂ ಈಗಿನ ಕಾರಿನ ತೆಳುವಿನದ್ದು ಹಾಕಿದ್ದಾರೆಯೋ ನೋಡಿ, 6 ವೋಲ್ಟ್ ಸ್ಟಾರ್ಟರಿಗೆ 50 ಸ್ಕ್ವೇರಿಗಿಂತ ಕಡಿಮೆ ಬೇಡ. ಉಳಿದ ಅರ್ಧ ವೋಲ್ಟ್ ಲೈಟ್ ಸ್ವಿಚ್ ಮತ್ತು ಡಿಪ್ಪರ್ ಸ್ವಿಚ್‌ನಲ್ಲಿ ಹೋಗ್ತಿರಬಹುದು, ಹೆಡ್‌ಲೈಟಿಗೂ ಎರಡು ರಿಲೇ ಹಾಕಿದರೆ ಅದೂ ಸರಿಯಾಗುತ್ತದೆ. ಮಾಡಿ ಮತ್ತೆ ಅಳೆದು ಹಾಕಿ.