ಇನ್ಸುಲಿನ್ ಶುರುವಾದ ಮೇಲೆ ಅಪ್ಪನಿಗೆ ಅಂಗಾಲು ಉರಿ, ನಿಲ್ಲಿಸಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪನಿಗೆ 58 ವರ್ಷ. ಹತ್ತು ವರ್ಷದಿಂದ ಶುಗರ್ ಇದೆ, ಮಾತ್ರೆ ಸರಿಯಾಗಿ ತಗೊಳ್ತಿರಲಿಲ್ಲ. ಮೂರು ತಿಂಗಳ ಹಿಂದೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 12.4 ಬಂತು, ಇನ್ಸುಲಿನ್ ಕೊಟ್ಟರು. ಮುದ್ದೆ, ಅನ್ನ ಎಲ್ಲಾ ಅಳತೆ ಮಾಡಿಯೇ ಬಡಿಸಿದೆವು. ಈಗ 7.6. ಆದರೆ ಒಂದು ತಿಂಗಳಿಂದ ಅಂಗಾಲು ಕೆಂಡ ಮೆಟ್ಟಿದ ಹಾಗೆ ಉರಿಯುತ್ತೆ ಅಂತಾರೆ. ರಾತ್ರಿ ಹೊದಿಕೆ ತಾಗಿದರೂ ತಡೆಯಲ್ಲ, ಎದ್ದು ಬಚ್ಚಲಿಗೆ ಹೋಗಿ ಕಾಲಿಗೆ ತಣ್ಣೀರು ಸುರ್ಕೊಳ್ತಾರೆ. ಇನ್ಸುಲಿನ್ ನರ ಸುಡುತ್ತೆ ಅಂತ ನೆಂಟರು ಹೆದರಿಸಿದ್ದಾರೆ. ಅಪ್ಪ ಇವತ್ತು ಸೂಜಿ ಬೇಡ ಅಂತ ಹಟ ಹಿಡಿದಿದ್ದಾರೆ.

ಉತ್ತರ: ಅಮ್ಮಾ, ಮೊದಲು ಇದು: ಸೂಜಿ ತಪ್ಪಿಸಬೇಡಿ. ಅಪ್ಪನ ನೋವು ನಿಜ, ಅದಕ್ಕೆ ಚಿಕಿತ್ಸೆಯೂ ಇದೆ.

ನರಕ್ಕೂ ರಕ್ತ ಬೇಕು. ಅದನ್ನು ತಂದುಕೊಡುವುದು ನರದ ಉದ್ದಕ್ಕೂ ಹರಡಿರುವ, ಕೂದಲಿಗಿಂತ ಸಣ್ಣ ರಕ್ತನಾಳಗಳು. ಶುಗರ್ ವರ್ಷಗಟ್ಟಲೆ ಮೇಲೇ ಇದ್ದರೆ ಅವುಗಳ ಗೋಡೆ ದಪ್ಪವಾಗುತ್ತದೆ. ರಕ್ತನಾಳವನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗಿ, ನರಕ್ಕೆ ಆಮ್ಲಜನಕ ಸಾಲದೆ ಹೋಗುತ್ತದೆ. ಸ್ನಾಯು ಸಕ್ಕರೆಯನ್ನು ಒಳಗೆ ತಗೊಳ್ಳಲು ಇನ್ಸುಲಿನ್‌ಗೆ ಕಾಯುತ್ತದೆ, ನರ ಕಾಯುವುದಿಲ್ಲ. ರಕ್ತದಲ್ಲಿ ಸಕ್ಕರೆ ಏರಿದಷ್ಟೂ ನರದೊಳಕ್ಕೂ ನುಗ್ಗುತ್ತದೆ. ಸೊಂಟದ ಹತ್ತಿರದಿಂದ ಕಾಲ್ಬೆರಳಿನವರೆಗೆ ಒಂದೊಂದು ನರದ ಎಳೆ ಸುಮಾರು 1 ಮೀಟರ್ ಇರುತ್ತದೆ. ದಾರಿಯಲ್ಲಿ ಎಲ್ಲಿ ಏಟು ಬಿದ್ದರೂ ಮೊದಲು ಸೊರಗುವುದು ತುದಿ, ಅಂದರೆ ಪಾದ.

ಆರೋಗ್ಯವಂತ ರಕ್ತನಾಳವನ್ನು ಇನ್ಸುಲಿನ್ ಹಿಗ್ಗಿಸುತ್ತದೆ. ಆಗಲೇ ಕೆಟ್ಟಿರುವ ನಾಳದಲ್ಲಿ ಶುಗರ್ ಒಮ್ಮೆಲೇ ಇಳಿದಾಗ ಕಥೆ ಬೇರೆ. ರಕ್ತ ನರದೊಳಗೆ ಹೋಗದೆ ಅಡ್ಡದಾರಿ ಹಿಡಿದು ಅಭಿಧಮನಿಗೆ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಕ್ಕೆ) ಸೇರುತ್ತದೆ, ಅದರಿಂದ ನರಕ್ಕೆ ಆಮ್ಲಜನಕ ಇನ್ನಷ್ಟು ಕಡಿಮೆಯಾಗುತ್ತದೆ ಎಂಬುದು ಸಂಶೋಧಕರು ಕೊಡುವ ಒಂದು ವಿವರಣೆ. ಇಂಥ ಉರಿಯನ್ನು 1933ರಲ್ಲೇ ವೈದ್ಯರು ದಾಖಲಿಸಿ 'ಇನ್ಸುಲಿನ್ ನ್ಯೂರೈಟಿಸ್' (ಇನ್ಸುಲಿನ್‌ನಿಂದ ನರದ ಉರಿಯೂತ) ಎಂದರು. ಆ ಹೆಸರೇ ಇನ್ಸುಲಿನ್ ಮೇಲೆ ಗೂಬೆ ಕೂರಿಸಿತು. ಬರೀ ಮಾತ್ರೆಯಿಂದ, ಪಥ್ಯದಿಂದ ಶುಗರ್ ಸರ್ರನೆ ಇಳಿದವರಲ್ಲೂ ಇದು ಬಂದಿದೆ, ಹಾಗಾಗಿ ತಪ್ಪು ಇಳಿದ ವೇಗದ್ದು. ಮೂರು ತಿಂಗಳಲ್ಲಿ ಎಚ್‌ಬಿಎ1ಸಿ 2ಕ್ಕಿಂತ ಹೆಚ್ಚು ಇಳಿದರೆ ನಾವು ಎಚ್ಚರವಾಗುತ್ತೇವೆ. ನಿಮ್ಮ ತಂದೆಗೆ 4.8 ಇಳಿದಿದೆ. ಕಾಲು ನೋಡದೆ ಇದೇ ಅಂತ ಖಚಿತವಾಗಿ ಹೇಳಲಾರೆ, ಆದರೆ ನೀವು ಹೇಳಿದ್ದೆಲ್ಲ ಇದಕ್ಕೆ ಹೊಂದುತ್ತದೆ.

ಪ್ರಶ್ನೆ: ಇದು ವಾಸಿಯಾಗುತ್ತಾ ಡಾಕ್ಟ್ರೇ? ನಾವೀಗ ಏನು ಮಾಡ್ಬೇಕು?

ಉತ್ತರ: ಬಹಳಷ್ಟು ಜನರಿಗೆ ತಗ್ಗುತ್ತದೆ, ಆದರೆ ತಿಂಗಳುಗಳೇ ಬೇಕು, ಕೆಲವರಿಗೆ ಒಂದೆರಡು ವರ್ಷ. ಅಲ್ಲಿಯವರೆಗೆ ಅವರು ನಿದ್ದೆಗೆಡಬೇಕಿಲ್ಲ. ಪ್ರೆಗಾಬಾಲಿನ್, ಡುಲೋಕ್ಸೆಟಿನ್ ತರಹದ ಔಷಧಿಗಳಿವೆ. ಮೆಡಿಕಲ್ ಶಾಪಿನಿಂದ ನೀವೇ ತರಬೇಡಿ, ಕಿಡ್ನಿ ನೋಡಿ ಡೋಸ್ ಹಾಕಬೇಕಾಗುತ್ತದೆ. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ತಗೊಳ್ತಿದ್ದರೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ, ಅದು ಕಡಿಮೆಯಾದರೂ ಕಾಲು ಉರಿಯುತ್ತದೆ. ಕಣ್ಣಿನ ಪರದೆಯನ್ನೂ (ರೆಟಿನಾ) ಈ ವಾರವೇ ತೋರಿಸಿ. ಇದೇ ಹೊತ್ತಿಗೆ ಅಲ್ಲಿಯೂ ತೊಂದರೆ ಹೆಚ್ಚಬಹುದು. ರಕ್ತದೊತ್ತಡ ನೋಡಿಕೊಳ್ಳುವ ನರಕ್ಕೂ ಇದು ತಗಲಬಹುದು, ಎದ್ದು ನಿಂತಾಗ ತಲೆ ಸುತ್ತುತ್ತದೆಯಾ ಎಂದು ಕೇಳಿ ನೋಡಿ.

ತಣ್ಣೀರು ಸುರಿದುಕೊಂಡ ಮೇಲೆ ಬೆರಳ ಸಂದಿ ಒರೆಸಿ. ಐಸ್ ಬೇಡ, ಬಿಸಿನೀರಂತೂ ಬೇಡವೇ ಬೇಡ. ಉರಿಯುವ ಕಾಲಿಗೇ ಸ್ಪರ್ಶ ಸತ್ತಿರಲೂಬಹುದು. ನನ್ನ ರೋಗಿಯೊಬ್ಬರ ಚಪ್ಪಲಿ ತೂರಿ ಜಾಲಿಮುಳ್ಳು ಅಂಗಾಲಿಗೆ ಇಳಿದಿತ್ತು. ಚಪ್ಪಲಿ ಕಾಲಿನಿಂದ ಕಳಚುತ್ತಿಲ್ಲ ಎಂದಷ್ಟೇ ಅವರಿಗೆ ಗೊತ್ತು.

ಗುಂಪಿನ ಇನ್ನೊಬ್ಬ ಸದಸ್ಯರು: ಹಾಗಾದ್ರೆ ಸರ್, ಶುಗರ್ ಮೇಲೇ ಇದ್ದರೆ ವಾಸಿ ಅಂತಾನಾ?

ಉತ್ತರ: ಖಂಡಿತ ಇಲ್ಲ. 1993ರಲ್ಲಿ ಫಲಿತಾಂಶ ಪ್ರಕಟವಾದ ಡಿಸಿಸಿಟಿ ಎಂಬ ದೊಡ್ಡ ಮಧುಮೇಹ ಅಧ್ಯಯನದಲ್ಲಿ, ಶುಗರ್ ಬಿಗಿಯಾಗಿ ಹಿಡಿದ ಟೈಪ್ 1 (ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿದ) ರೋಗಿಗಳಿಗೆ ನರದ ತೊಂದರೆ ಸುಮಾರು 60% ಕಡಿಮೆಯಾಯಿತು. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 2ನಲ್ಲಿ ಲಾಭ ಅಷ್ಟು ದೊಡ್ಡದಲ್ಲ, ಆದರೂ ಇದೆ. ವರ್ಷಗಳಿಂದ 12ರಲ್ಲಿ ಇದ್ದವರನ್ನು ಮೆಲ್ಲಗೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ಅಷ್ಟೇ.

ಪ್ರಶ್ನೆ: ಡಾಕ್ಟ್ರೇ, ಇದನ್ನೇ ಅಪ್ಪನಿಗೆ ಓದಿ ಹೇಳಿದೆ. ಸೂಜಿ ಹಾಕಿಸಿಕೊಂಡರು. ನಾಳೆ ಅವರ ಡಾಕ್ಟರ ಹತ್ತಿರ ಹೋಗ್ತೀವಿ.

ಉತ್ತರ: ಒಳ್ಳೇದಾಯ್ತು. ಮನೆಯಲ್ಲಿ ನೋಡಿದ ಶುಗರ್ ಬರೆದಿಟ್ಟ ಪುಸ್ತಕ ಮರೆಯದೆ ಒಯ್ಯಿರಿ. ಯಾವ ವಾರ ಎಷ್ಟು ಇಳಿಯಿತು, ಉರಿ ಯಾವತ್ತು ಶುರುವಾಯಿತು ಅನ್ನೋದನ್ನ ಅವರು ಜೋಡಿಸಿ ನೋಡಬೇಕಾಗುತ್ತದೆ.